ಫಕೀರಪ್ಪನ ಕೆನ್ನೆಗೆ ನಾನು ಹಚ್ಚಿದ ಕೆಂಪು

ಕೂಡಿದ ಮಹಾಜನಗಳೇ!
ಮುಂದೆ ಚಾಪೆಯ ಮೇಲೆ ಕುಂತವರೇ, ಹಿಂದೆ ಸೈಕಲ್ ಹಿಡಿದು ನಿಂತವರೇ, ಫೋನಿನೊಳಗೆ ಇಣುಕಿ ಇದನ್ನು ಓದುವವರೇ...
ಒಂದು ಗಳಿಗೆ ಗದ್ದಲ ಬಿಡಿ.

ನಮ್ಮ ಬೆಟಗೇರಿಯ ಫಕೀರಪ್ಪ ಹೋದನಂತೆ.
ಇಲ್ಲ... ಸುಳ್ಳಿರಬೇಕು...
ಮಧ್ಯಾಹ್ನದಿಂದ ಅವನ ನಂಬರಿಗೆ ಮೂರು ಸಲ ಫೋನ್ ಹಚ್ಚಿದೆ. ಮೂರನೇ ಸಲ ಅವನ ಹೆಂಡತಿ, ಶಾಂತಾ ವೈನಿ, ಎತ್ತಿದರು.
"ಖರೆ ಐತ್ರಿ ಅಣ್ಣಾ... ಮೈಯಾಗ ರಕ್ತಾನ ಉಳದಿಲ್ಲ ಅಂದ್ರು ಡಾಕ್ಟರ್."

ಹಗಲು ಮಗ್ಗ, ಸಂಜೆ ನಾಟಕ.
ಇಪ್ಪತ್ತು ವರ್ಷ ನಮ್ಮ ತಂಡದ ಮಹಾರಾಜ ಅವನೇ... ಅವನಿಗೆ ಬಣ್ಣ ಹಚ್ಚುವವನು ನಾನು.

ಅವನಿಗೆ ಎಚ್‌ಐವಿ ಇತ್ತು.
ಗುಸುಗುಸು ಬೇಡ! "ನಾ ಸತ್ತರ ಮುಚ್ಚಿಡಬ್ಯಾಡಲೇ, ದೊಡ್ಡ ದನಿ ತಗದು ಹೇಳು" ಎಂದವನು ಅವನೇ. ವೈನಿಯೂ ಹೂಂ ಎಂದಿದ್ದಾರೆ.

ಮೊನ್ನೆ ಮುಂಡರಗಿಯ ನಾಟಕ...
ಕಾಡಿಗೆ ತೀಡಲೆಂದು ಅವನ ಕಣ್ಣಿನ ಕೆಳರೆಪ್ಪೆ ಎಳೆದೆ.
ಒಳಗೆ ರಕ್ತದ ಕೆಂಪೇ ಇಲ್ಲ, ಬಿಳಿ. ಕೈ ನಿಂತಿತು.
"ಏನಲೇ ಇದು, ಸುಣ್ಣಾ ಬಳದಂಗ ಐತಿ?"
"ಗುಳಿಗಿ ತಗೊಂಡ್ರ ಹೊಟ್ಟಿ ನಿಲ್ಲವಲ್ದೋ. ಅದಕ್ಕ ಬಿಟ್ಟೀನಿ. ಕಚ್ಚಿ ಕಟ್ಟಿದ ಮ್ಯಾಲೆ ಮಹಾರಾಜ ಚರಿಗಿ ಹಿಡಕೊಂಡು ಓಡಾಕ ಬರ್ತೈತೇನು? ಕೆಂಪು ಜಾಸ್ತಿ ಹಚ್ಚು!"
ನಕ್ಕೆವು.
ಹಚ್ಚಿದೆ.
ಮುಂದಿನ ಸಾಲಿನವರು "ಏನ್ ಕಳಿ ಐತಿ ಮುಖದಾಗ!" ಎಂದರು. ನಾನು ಹಿಗ್ಗಿದೆ...

ಫಕೀರಾ... ಲೇ ಫಕೀರಾ...
ಆ ಬಿಳುಪನ್ನು ಮೊದಲು ಕಂಡವನು ನಾನು. ಡಾಕ್ಟರ್ ಅಲ್ಲ, ವೈನಿ ಅಲ್ಲ.
ಕಂಡದ್ದನ್ನು ಮುಚ್ಚಿದವನೂ ನಾನೇ.
"ನಡಿ, ಈಗಿಂದೀಗ ಗದಗಿಗೆ ಹೋಗೂಣು" ಎನ್ನಬೇಕಿತ್ತು. ಯಾಕೆ ಎನ್ನಲಿಲ್ಲ ಗೊತ್ತೇನು?
ಅಲ್ಲಿ ನನ್ನನ್ನೂ ಕೇಳುತ್ತಿದ್ದರು...

ಹೌದು ಮಹಾಜನಗಳೇ. ಗದಗಿನಲ್ಲಿ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದ ಆ ಬೆಂಚಿನಲ್ಲಿ ಅವನ ಪಕ್ಕ ಕೂತು ನಾನೂ ಗುಳಿಗೆ ತರುವವನು.
ಹದಿನೈದು ದಿನದಿಂದ ನನಗೂ ಭೇದಿ ನಿಲ್ಲುತ್ತಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ...
ನಾಟಕದ ನೆವದಲ್ಲಿ ನಾನೂ ಆರು ದಿನ ಗುಳಿಗೆ ಬಿಟ್ಟಿದ್ದೇನೆ.

ಅಲ್ಲಿನ ಸಿಸ್ಟರ್ ಹೇಳಿದ್ದರು. ಎಷ್ಟು ಸಲ!
"ಈ ಬ್ಯಾನಿ ಕರಳು ಕೆಡಸ್ತೈತ್ರಿ, ಉಂಡದ್ದು ಮೈಗೆ ಹತ್ತೂದಿಲ್ಲ, ರಕ್ತಾನೂ ಇಳೀತೈತಿ. ಕೆಲವೊಂದು ಗುಳಿಗಿನೂ ಕೆಲವರಿಗೆ ರಕ್ತ ಇಳಸ್ತಾವು, ಹೊಟ್ಟಿಗೆ ಒಗ್ಗೂದಿಲ್ಲ. ನಮ್ಮ ಮುಂದ ಹೇಳ್ರಿ, ಡಾಕ್ಟರ್ ನೋಡಿ ಬದಲಿ ಕೊಡ್ತಾರ. ನೀವ ನೀವ ಬಿಟ್ರ ಬ್ಯಾನಿ ಮತ್ತ ಎದ್ದು ಕುಂಡ್ರತೈತಿ!"
ಇಬ್ಬರೂ ತಲೆಯಾಡಿಸಿದ್ದೆವು.
ನಾಟಕದ ಮಾತು ಒಂದೂ ಮರೆಯದವರು... ಇದೊಂದನ್ನು ಮರೆತೆವು.

ಇದನ್ನು ಬರೆಯುವ ಮೊದಲು ಕನ್ನಡಿ ಮುಂದೆ ನಿಂತು ನನ್ನ ರೆಪ್ಪೆ ಎಳೆದು ನೋಡಿದೆ.
ಕೆಂಪೋ... ಬಿಳಿಯೋ...
ಕಿಟಕಿಯ ಬೆಳಕಿಗೆ ಹೋಗಿ ನೋಡಿದೆ. ಮತ್ತೆ ಎಳೆದೆ, ರೆಪ್ಪೆ ಜಾರಿತು. ತಿಳಿಯಲಿಲ್ಲ.

ಮಹಾರಾಜಾ, ಕಿರೀಟ ಇಳಿಸು... ಕಚ್ಚೆ ಸಡಿಲ ಮಾಡಿಕೊಂಡು ಹಾಯಾಗಿ ಮಲಗು. ನಿನ್ನ ಜೀವ ತಣ್ಣಗಿರಲಿ.

ನಾಳೆ ಮುಂಜಾನೆ ಇಲ್ಲಿ ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ನಿನಗೆ ಮಣ್ಣು ಕೊಡಲು ಬೆಟಗೇರಿಗೆ ಬರುತ್ತೇನೆ.
ಅಲ್ಲಿಂದ ಮನೆಗೆ ತಿರುಗುವುದಿಲ್ಲ.
ನೇರ ಕೇಂದ್ರಕ್ಕೆ ಹೋಗಿ, ಸಿಸ್ಟರ್ ಎದುರು ಕೂತು, ನನ್ನ ರೆಪ್ಪೆ ನಾನೇ ಎಳೆದು ತೋರಿಸುತ್ತೇನೆ.