ದಫೇದಾರನ ಮೂಗು

ಒಬ್ಬನ ಪ್ರತಿಮೆ ಮಾಡಿ ಊರ ನಡುವೆ ನಿಲ್ಲಿಸಬೇಕಾದರೆ ಅವನು ದೇಶಕ್ಕಾಗಿ ಬದುಕಿರಬೇಕು, ಇಲ್ಲವೆ ದೇಶಕ್ಕಾಗಿ ಸತ್ತಿರಬೇಕು. ಸುಳ್ಯದ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದವನು ಮಾತ್ರ ತನ್ನ ಟೊಪ್ಪಿ ಹುಡುಕುತ್ತಿದ್ದ. ಟೊಪ್ಪಿ ಅವನ ತಲೆಯ ಮೇಲೆಯೇ ಇತ್ತು.

ಅವನು ನಮ್ಮ ನಾಟಕ ಸಂಘದ ದಫೇದಾರ. ಅರವತ್ತರ ದಶಕದ ಆರಂಭದಲ್ಲಿ ನಾವು ವರ್ಷ ವರ್ಷ ಆಡುತ್ತಿದ್ದ ಹಾಸ್ಯ ನಾಟಕದ ಮರೆಗುಳಿ. ವೇಷ ಹಾಕುತ್ತಿದ್ದವನು ನಾನು, ಹಗಲಿನಲ್ಲಿ ಶಾಲೆಯ ಮಾಸ್ತರ. ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟಿದ್ದವರೊಬ್ಬರಿಗೆ ದಫೇದಾರನೆಂದರೆ ಪ್ರಾಣ. ದೇವಸ್ಥಾನದ ಬಾಗಿಲಿಗೆ ದ್ವಾರಪಾಲಕರನ್ನು ಮಾಡಲು ಬಂದಿದ್ದ ಮೇಸ್ತ್ರಿಯನ್ನು ಹಿಡಿದು, ತಮ್ಮ ಜಗಲಿಯ ಮುಂದೆ ಆಳೆತ್ತರದ ಸಿಮೆಂಟಿನ ದಫೇದಾರನನ್ನು ನಿಲ್ಲಿಸಿದರು. ಮೇಸ್ತ್ರಿ ಪ್ರಾಮಾಣಿಕ. ನನ್ನನ್ನು ಎದುರು ಕೂರಿಸಿಕೊಂಡು ನನ್ನ ಮೂಗನ್ನೇ ಮಾಡಿದ. ನನ್ನದು ದೂರದಿಂದಲೇ ಗುರುತು ಸಿಗುವ ಮೂಗು.

ಜಾಲ್ಸೂರಿನ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು "ದಫೇದಾರ, ದಫೇದಾರ, ಇಳೀರಿ" ಎಂದು ಕೂಗತೊಡಗಿದ. ಟೊಪ್ಪಿಗಾಗಿ ಚಾಚಿದ ಕೈಗೆ ಜನ ಕೊಡೆ ತೂಗುಹಾಕಿ ಕಾಫಿಗೆ ಹೋಗುತ್ತಿದ್ದರು. ನಾನು ಆ ದಾರಿಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದೆ. ಇದನ್ನು ಹೆಮ್ಮೆ ಎನ್ನುವುದು ಸರಿಯಲ್ಲ. ಬೇರೆ ಪದ ಈವರೆಗೆ ಸಿಕ್ಕಿಲ್ಲ.

ಆಗಲೇ ಆಲೆಟ್ಟಿಯ ಒಂದು ಹುಡುಗಿಯೊಂದಿಗೆ ನನ್ನ ಮದುವೆಯ ಮಾತು ನಡೆದಿತ್ತು. ಅವಳನ್ನು ನೋಡಿ ಬಂದ ಮೇಲೆ ಇನ್ನೊಬ್ಬಳನ್ನು ನೋಡುವ ಮನಸ್ಸು ನನಗೆ ಉಳಿದಿರಲಿಲ್ಲ. ಜಾತಕ ಕೂಡಿತ್ತು. ನಮ್ಮ ಮನೆ ನೋಡಲೆಂದು ಬಂದ ಅವಳ ತಂದೆ ಬಸ್ಸಿಳಿದದ್ದು ದಫೇದಾರನ ಎದುರಿಗೇ. ಪ್ರತಿಮೆಯನ್ನು ನೋಡಿದರು. ಕರೆದುಕೊಂಡು ಹೋಗಲು ನಿಂತಿದ್ದ ನನ್ನನ್ನು ನೋಡಿದರು.

"ಇದು ಎಂತ ಮಾಸ್ಟ್ರೇ?"

"ಅದು ನಾನಲ್ಲ, ದಫೇದಾರ," ಎಂದೆ.

"ಮೂಗು ಯಾರದ್ದು?"

ನನ್ನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು.

"ಜೀವ ಇರುವವರ ಗೊಂಬೆ ಮಾಡಿ ನಿಲ್ಲಿಸಿದ್ರೆ ಆಯುಸ್ಸು ಕಡಿಮೆ ಆಗುದು. ಗೊತ್ತಿದ್ದೂ ಮಗಳನ್ನು ಕೊಡುದು ಹೇಗೆ? ಇದನ್ನು ತೆಗೆಸಿ, ಮತ್ತೆ ಮಾತಾಡುವ."

ಹೋಟೆಲಿನವರು ಜಗಲಿಯಿಂದಲೇ ಹೇಳಿದರು: "ತೆಗೆಯುದಾ? ಇವರು ಬೇಕಾದ್ರೆ ಹೋಗ್ಲಿ ಯಜಮಾನ್ರೇ, ದಫೇದಾರ ಹೋಗುದಿಲ್ಲ. ಮಾಸ್ಟ್ರುಗಳು ಪೇಟೆಯಲ್ಲಿ ಬೇಕಾದಷ್ಟು ಇದ್ದಾರೆ."

"ಹಾಗಾದ್ರೆ ಅವರಲ್ಲಿ ಒಬ್ಬರ ಮೂಗು ಇಡಿ," ಎಂದು ಹುಡುಗಿಯ ತಂದೆ ತಾವು ಬಂದ ಬಸ್ಸನ್ನೇ ಹತ್ತಿದರು.

ಅವರು ಹೇಳಿದ್ದು ಸಿಟ್ಟಿನಲ್ಲಿ, ಹೋಟೆಲಿನವರು ಅದನ್ನು ಸಲಹೆ ಎಂದು ತೆಗೆದುಕೊಂಡರು. ಮರುದಿನ ಮೇಸ್ತ್ರಿ ಉಳಿ ಹಿಡಿದು ಬಂದ. ಯಾರ ಮೂಗು ಇಡುವುದೆಂಬ ಪ್ರಶ್ನೆ ಎದ್ದಾಗ ಒಬ್ಬರೂ ಮುಂದೆ ಬರಲಿಲ್ಲ. ಆಯುಸ್ಸಿನ ಮಾತು ಅಷ್ಟರಲ್ಲಿ ಪೇಟೆಯೆಲ್ಲ ಹಬ್ಬಿತ್ತು. ಕೊನೆಗೆ ದ್ವಾರಪಾಲಕನ ಮೂಗನ್ನೇ ಇಡುವುದೆಂದಾಯಿತು.

"ಮಾಸ್ಟ್ರೇ, ನೀವು ಸ್ವಲ್ಪ ಆಚೆ ಹೋಗಿ," ಎಂದ ಮೇಸ್ತ್ರಿ. "ಮೂಗಿನ ಯಜಮಾನ್ರು ಎದುರು ನಿಂತ್ರೆ ಹೊಡೆಯುದು ಹೇಗೆ ಮಾರಾಯ್ರೆ?"

ಮೂಗು ಬದಲಾದದ್ದಕ್ಕೆ ಊರು ಬೇಸರಪಟ್ಟೀತು ಎಂದು ನಾನು ಕಾದೆ. ಊರಿಗೆ ಅದು ತಿಳಿದಂತೆಯೇ ಕಾಣಲಿಲ್ಲ. ಕಂಡಕ್ಟರು ಹಾಗೆಯೇ ಕೂಗಿದ, ಕೊಡೆಗಳು ಹಾಗೆಯೇ ತೂಗಿದವು. ಪುತ್ತೂರಿನಿಂದ ಬಂದವರೊಬ್ಬರು ನನ್ನ ಪಕ್ಕದಲ್ಲೇ ನಿಂತು, "ಸರೀ ದಫೇದಾರನೇ ಅಲ್ವಾ!" ಎಂದು ನನಗೇ ತೋರಿಸಿದರು. ಇಷ್ಟು ವರ್ಷ ಜನ ನಕ್ಕದ್ದು ನನ್ನನ್ನು ನೋಡಿ ಎಂದುಕೊಂಡಿದ್ದೆ. ಅವರು ನಕ್ಕದ್ದು ತಲೆಯ ಮೇಲಿರುವುದನ್ನು ಊರೆಲ್ಲ ಹುಡುಕುವವನನ್ನು ನೋಡಿ. ಅಂಥವರು ಅವರವರ ಮನೆಯಲ್ಲೇ ಒಬ್ಬರಿದ್ದರು. ನಾನು ದಫೇದಾರನಿಗೆ ಕೈಕಾಲು, ದನಿ ಎರವಲು ಕೊಟ್ಟಿದ್ದೆ, ಅಷ್ಟೆ. ಸ್ವಲ್ಪ ದಿನ ಇದು ಚುಚ್ಚಿತು. ಆಮೇಲೆ ಹಗುರವೂ ಆಯಿತು. ಶಾಲೆಯಲ್ಲಿ ಮಕ್ಕಳನ್ನು ಗದರಿಸಿದರೆ ಅವರು ನಗುವುದು ಮಾತ್ರ ಕಡಿಮೆಯಾಗಲಿಲ್ಲ.

ಹುಡುಗಿಯ ತಂದೆಗೆ ಹೇಳಿ ಕಳುಹಿಸಿದೆವು. ಬಂದರು. ದಫೇದಾರನಿಗೆ ಒಂದು ಸುತ್ತು ಬಂದು, ನನ್ನನ್ನು ಅವನ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರನ್ನೂ ತುಂಬ ಹೊತ್ತು ನೋಡಿದರು.

"ಈಗ ಇವ ಬೇರೆಯವ," ಎಂದರು.

"ಮೊದಲೂ ಬೇರೆಯವನೇ," ಎಂದರು ಹೋಟೆಲಿನವರು. "ಕಾಫಿ ಕುಡಿಯಿರಿ."

ಶಾಲೆಯ ಬೇಸಿಗೆ ರಜೆಯಲ್ಲಿ ಆಲೆಟ್ಟಿಯಲ್ಲಿ ನಮ್ಮ ಮದುವೆ ನಡೆಯಿತು.