ಮಲ್ಲಿಗೆಯ ಬಟ್ಟೆಯೊಳಗಿನ ರೆಡ್‌ವುಡ್

ನನ್ನ ಫ್ರಿಜ್ಜಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಮಸ್ಕತ್ತಿನ ಅಲ್ ಹೈಲ್‌ನ ಎರಡು ಕೋಣೆಯ ಮನೆಯಲ್ಲಿ ನನ್ನದು ಅಂತ ಇದ್ದ ರಾಜ್ಯ ಅದೊಂದೇ. ಮೇಲೆ ತೆಂಗಿನ ತುರಿ, ನಡುವೆ ದೋಸೆ ಹಿಟ್ಟು, ಕೆಳಗಿನ ತರಕಾರಿ ಡಬ್ಬದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ. ಊರಿಂದ ಯಾರೇ ಬಂದರೂ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ತರುತ್ತಿದ್ದರು. ಬಟ್ಟೆಗೆ ದಿನಾ ನೀರು ಚಿಮುಕಿಸಿ, ದೇವರ ಪಟಕ್ಕೆ ಗೇಣುದ್ದ, ನನ್ನ ತಲೆಗೆ ಗೇಣುದ್ದ ಎಂದು ಉಳಿಸಿ ಉಳಿಸಿ ಬಳಸುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಇನ್ಯಾರದೋ ಕೈಯಲ್ಲಿ ಮತ್ತಷ್ಟು ಬರುತ್ತಿತ್ತು.

ಅಂಥ ಫ್ರಿಜ್ಜಿಗೆ ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ರೆಡ್‌ವುಡ್ ಮರ ಬಂದು ಸೇರಿತು.

ನನ್ನ ಗಂಡ ರಸ್ತೆ ಮಾಡಿಸುವ ಒಂದು ಕಂಪೆನಿಯಲ್ಲಿ ಟೈಪಿಸ್ಟ್. ಟೈಪಿಸ್ಟನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಭಾಗ್ಯ ಇರಲಿಲ್ಲ. ಮದುವೆಯಾಗಿ ಐದು ವರ್ಷ ನಾನು ಮೂಲ್ಕಿಯಲ್ಲಿ, ಇವರು ಮಸ್ಕತ್ತಿನಲ್ಲಿ. ಕೊನೆಗೆ ಇವರ ಮೇಲಿನ ಇಂಜಿನಿಯರ್, ಒಬ್ಬ ಇಂಗ್ಲಿಷ್ ಸಾಹೇಬರು, ತಾವೇ ಕಫೀಲನ, ಅಂದರೆ ವೀಸಾಕ್ಕೆ ಜಾಮೀನು ನಿಲ್ಲುವ ಅರಬ್ ಮಾಲೀಕನ, ಬಳಿ ಹೋಗಿ ಕೂತು ನನ್ನ ವೀಸಾದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದರು. ನಾನು ಬಂದಿಳಿದ ದಿನ ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಕು ಅಂದುಕೊಂಡವಳು, ಅವರ ಎದುರು ಬಾಯಿಗೆ ಬೀಗ ಹಾಕಿದ ಹಾಗೆ ನಿಂತುಬಿಟ್ಟೆ. ಆ ಮಾತು ಹಾಗೇ ಬಾಕಿ ಉಳಿಯಿತು.

ಸಾಹೇಬರ ತಂದೆ ಇಂಗ್ಲೆಂಡಿನ ಹಳ್ಳಿಯ ಕಡೆಯ ಒಂದು ದೊಡ್ಡ ಪಾರ್ಕಿನಲ್ಲಿ ತೋಟಗಾರರಾಗಿದ್ದರಂತೆ. ಅಲ್ಲಿನ ರೆಡ್‌ವುಡ್ ಮರಗಳ ಫೋಟೊ ಸಾಹೇಬರ ಮೇಜಿನ ಮೇಲಿತ್ತು. ಐದು ಜನ ಕೈ ಕೈ ಹಿಡಿದರೂ ಕಾಂಡ ತಬ್ಬಲು ಸಾಲದು. ತೊಗಟೆ ಕೆಂಪಗೆ, ತೆಂಗಿನ ಸಿಪ್ಪೆಯ ನಾರಿನ ಹಾಗೆ. ತಂದೆ ಹೆಚ್ಚು ಪ್ರೀತಿಸಿದ ಮರ ಬಿರುಗಾಳಿಗೆ ಉರುಳಿತ್ತು. ಅದರ ಬೀಜ ಒಂದಿಷ್ಟು ಮಾತ್ರ ಸಾಹೇಬರ ಬಳಿ ಉಳಿದಿತ್ತು. ವರ್ಷ ವರ್ಷ ಸ್ವಲ್ಪ ಬಿತ್ತಿದರೂ ಒಂದೂ ಮೊಳೆತಿರಲಿಲ್ಲ. ಆ ಬೇಸಿಗೆ ರಜೆಗೆ ಹೋಗುವಾಗ ಮನೆಯ ಕರೆಂಟು ಆಫ್ ಮಾಡಬೇಕಾಗಿ ಬಂದು, ತಮ್ಮ ಫ್ರಿಜ್ಜಿನಲ್ಲಿದ್ದ ಬೀಜದ ಕೊನೆಯ ಲಕೋಟೆಯನ್ನು ಇವರ ಕೈಗೆ ಕೊಟ್ಟರು. ತಂಪಾಗಿ, ಒಣಗಿದ ಜಾಗದಲ್ಲಿಡಿ ಎಂದಿದ್ದರು. ಇವರು ನನಗೆ ಹೇಳಿದ್ದು ತಂಪು ಅಂತ ಮಾತ್ರ. ಇವತ್ತಿಗೂ ಅದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಬೀಜವನ್ನು ನೋಡಿದರೆ ಅವಲಕ್ಕಿಯ ನುಚ್ಚಿನಷ್ಟೂ ಇರಲಿಲ್ಲ. ಇಷ್ಟು ಸಣ್ಣ ವಸ್ತು ಹಿಟ್ಟಿನ ಪಾತ್ರೆಗಳ ನಡುವೆ ಕಳೆದುಹೋದೀತೆಂದು ಮಲ್ಲಿಗೆಯ ಬಟ್ಟೆಯೊಳಗೇ ಸುತ್ತಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಎರಡು ತಿಂಗಳು ಮಲ್ಲಿಗೆ ಬಂತು, ಹೋಯಿತು. ನಾನು ತಪ್ಪದೆ ನೀರು ಚಿಮುಕಿಸಿದೆ.

ಸಾಹೇಬರು ಬರುವ ಹಿಂದಿನ ದಿನ ತೆಗೆದು ನೋಡಿದರೆ ಲಕೋಟೆ ನೆನೆದ ಹಪ್ಪಳದಂತಾಗಿತ್ತು.

“ಎಂತ ಮಾಡಿದ್ದು ಮಾರಾಯ್ತಿ? ಅದು ಅವರ ಅಪ್ಪನ ಮರದ್ದು, ಇನ್ನು ಬೇರೆ ಇಲ್ಲ!” ಇವರು ತಲೆ ಮೇಲೆ ಕೈಹೊತ್ತು ಕೂತರು.

“ಒಣಗಿಸಿ ಇಡು ಅಂತ ನೀವು ಹೇಳಿದ್ದುಂಟಾ?” ಅಂತ ಜೋರು ಮಾಡಿದೆ. ಆದರೆ ನಮ್ಮನ್ನು ಒಂದು ಮಾಡಿದ ಮನುಷ್ಯನಿಗೆ ನಾನು ಮಾಡಿದ ಉಪಕಾರ ಇದಾ ಅಂತ ಅಳು ಬಂತು. ಎಸೆಯಲು ಮನಸ್ಸು ಬಾರದೆ ಲಕೋಟೆ ಬಿಡಿಸಿದೆ. ಏಳು ಬೀಜಗಳಿಗೆ ಬಿಳಿಯ ಮೊಳಕೆ, ನೆನೆಸಿಟ್ಟ ಹೆಸರುಕಾಳಿನ ಹಾಗೆ! ಹಾಲಿನ ಪುಡಿಯ ಡಬ್ಬದ ತಳಕ್ಕೆ ತೂತು ಮಾಡಿ, ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಒಂದೊಂದನ್ನೇ ಊರಿದೆ.

ಮರುದಿನ ಇಬ್ಬರೂ ಡಬ್ಬ ಹಿಡಿದು ಅವರ ಮನೆಗೆ ಹೋದೆವು. ದಾರಿಯುದ್ದಕ್ಕೂ ‘ಸಾರಿ ಸರ್’ ಉರುಹೊಡೆದಿದ್ದೆ. ಇವರು ನಡೆದದ್ದನ್ನೆಲ್ಲ ಹೇಳಿದರು. ಸಾಹೇಬರು ಡಬ್ಬದೊಳಗೆ ಇಣುಕಿದರು. ಆಮೇಲೆ ಬಾಗಿಲ ಹತ್ತಿರ ನೆಲದ ಮೇಲೇ ಕೂತು ಡಬ್ಬವನ್ನು ಮಡಿಲಿಗೆ ತೆಗೆದುಕೊಂಡರು. ಸಾಹೇಬರು ಬರೆದು ಕೇಳಿದ್ದಕ್ಕೆ ತಿಂಗಳ ನಂತರ ಪಾರ್ಕಿನವರಿಂದ ಕಾಗದ ಬಂದಾಗ ಗುಟ್ಟು ಗೊತ್ತಾಯಿತು. ಆ ಬೀಜಕ್ಕೆ ಒದ್ದೆಯ ಚಳಿಗಾಲ ಬೇಕಂತೆ. ಒಮಾನಿನಲ್ಲಿ ಅಂಥ ಚಳಿಗಾಲ ಇದ್ದದ್ದು ನನ್ನ ತರಕಾರಿ ಡಬ್ಬದಲ್ಲಿ ಮಾತ್ರ.

ಏಳರಲ್ಲಿ ಆರು ಸತ್ತವು. ಉಳಿದ ಒಂದನ್ನು ಸಾಹೇಬರು ಕೇಳಿಕೊಂಡಂತೆ ಎರಡು ವರ್ಷ ನಾನೇ ನಮ್ಮ ಎ.ಸಿ. ಕೋಣೆಯ ಕಿಟಕಿಯಲ್ಲಿಟ್ಟು ಸಾಕಿದೆ. ಸಾಹೇಬರ ಕಾಂಟ್ರಾಕ್ಟ್ ಖಲಾಸ್ ಆದಾಗ ಅದನ್ನೂ ಕೊಂಡೊಯ್ಯುವುದೆಂದಾಯಿತು. ಹೊರಡುವ ದಿನ ನಾನು ಒಂದು ಚೀಟಿಯಲ್ಲಿ, ನನಗೆ ಬರುವ ಕನ್ನಡದಲ್ಲೇ ಬರೆದೆ: ‘ನೀವು ನನ್ನನ್ನು ಕರೆಸಿದಿರಿ. ಈ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ.’ ಮಲ್ಲಿಗೆ ಕಟ್ಟುವ ಬಾಳೆನಾರಿನಲ್ಲಿ ಅದನ್ನು ಗಿಡಕ್ಕೆ ಕಟ್ಟಿದೆ. ಸಾಹೇಬರು ಏನೆಂದು ಕೇಳಿದರು. ಇವರಿಗೆ ನಾಚಿಕೆ. ನೀರು ಹಾಕುವ ಕ್ರಮ ಬರೆದಿದ್ದಾಳೆ ಅಂದುಬಿಟ್ಟರು. ನಾನು ಇವರ ಕಾಲು ತುಳಿದೆ, ಪ್ರಯೋಜನವಾಗಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಲಕೋಟೆ ಬಂತು. ಫೋಟೊದಲ್ಲಿ ಪಾರ್ಕಿನ ಹುಲ್ಲು, ಹಿಂದೆ ತುದಿ ಆಕಾಶದಲ್ಲಿ ಕಾಣೆಯಾದ ದೊಡ್ಡ ಮರಗಳು, ಮುಂದೆ ಸಾಹೇಬರ ಭುಜದಷ್ಟು ಎತ್ತರದ ನಮ್ಮ ಗಿಡ. ಅದರ ಬುಡದಲ್ಲಿ ಒಂದು ಮರದ ಹಲಗೆ. ಕನ್ನಡಕ ಹಾಕಿ ನೋಡಿದೆ. ನನ್ನ ಚೀಟಿಯ ಅಕ್ಷರಗಳು! ಸಾಹೇಬರು ಒಂದೊಂದನ್ನೂ ಚಿತ್ರ ಬಿಡಿಸುವ ಹಾಗೆ ನೋಡಿ ಬರೆದಿದ್ದರು, ಒಂದು ಒತ್ತಕ್ಷರವೂ ಬಿಡದೆ.

ಇವರು ಕಾಗದ ಓದಿ ಹೇಳಿದರು: ‘ನಿಮ್ಮ ಹೆಂಡತಿ ಹೇಳಿದ ನೀರಿನ ಕ್ರಮವನ್ನು ಇಲ್ಲಿ ಹಾಕಿಸಿದ್ದೇನೆ. ಓದಲು ಯಾರಿಗೂ ಬರುವುದಿಲ್ಲ. ಆದರೂ ಅದು ಗಿಡದ ಜೊತೆಗಿರಲಿ ಅನ್ನಿಸಿತು.’

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ಉತ್ತರ ಬರೆಯಲು ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

“ಈಗ ನಿಜ ಬರೆಯುವುದಾ?”

“ಬರೀರಿ,” ಅಂದೆ. “ನೀವು ಸುಳ್ಳು ಹೇಳಿದ್ದು ಅಂತ ಮೊದಲು ಬರೀರಿ. ಮತ್ತೆ, ಹಲಗೆ ಮಾತ್ರ ತೆಗೀಬೇಡಿ ಅಂತ ಬರೀರಿ.”