ಗಂಧ ಹಚ್ಚಿದ ಕನ್ನಡಿ

ಹಂಪನಕಟ್ಟೆಯ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಮುದ್ದು ಇಪ್ಪತ್ತು ವರ್ಷ ಗಾಜು ಉಜ್ಜಿದ. ಓದಿದ್ದು ಏಳನೇ ಕ್ಲಾಸು. ಕೈ ಸುಳ್ಳು ಹೇಳುತ್ತಿರಲಿಲ್ಲ. ಬಾಯಿಯೂ ಹೇಳುತ್ತಿರಲಿಲ್ಲ, ಅದೇ ಅವನ ಕರ್ಮ.

೧೯೮೨ರಲ್ಲಿ ಕಾಲೇಜಿನ ಫಿಸಿಕ್ಸ್ ಪ್ರೊಫೆಸರ್ ಸರ್ವೋತ್ತಮ ಶೆಟ್ಟರು ಅವನನ್ನು ಹುಡುಕಿಕೊಂಡು ಬಂದರು. ಎಲ್ಲೋ ದೂರದಲ್ಲಿ ನಕ್ಷತ್ರಗಳು ಡಿಕ್ಕಿ ಹೊಡೆದರೆ ಆಕಾಶವೇ ನಡುಗುತ್ತದಂತೆ. ಆ ನಡುಕವನ್ನು ಲೇಸರ್ ಬೆಳಕು, ಕನ್ನಡಿಗಳಿಂದ ಹಿಡಿಯಲು ಹೊರದೇಶದವರು ಹೊರಟಿದ್ದಾರಂತೆ. ಅದರ ಪುಟ್ಟ ಮಾದರಿ ಮಾಡಿ ಹೆಸರು ಗಳಿಸುವ ಹುಚ್ಚು ಶೆಟ್ಟರಿಗೆ. ಕನ್ನಡಿ ಸರಿಯಾದರೆ ಲ್ಯಾಬಿನಲ್ಲಿ ಮೆಕ್ಯಾನಿಕ್ ಕೆಲಸ ಖಾಯಂ ಎಂದು, ಹೆಗಲ ಮೇಲೆ ಕೈಯಿಟ್ಟು, ತುಳುವಿನಲ್ಲೇ ಮಾತು ಕೊಟ್ಟರು. ಮುದ್ದು ನಂಬಿದ.

ಐದು ತಿಂಗಳು ಉಜ್ಜಿ, ಮೇಲೆ ಬೆಳ್ಳಿಯ ಲೇಪ ಹಿಡಿಸಿದ. ಮನೆಯ ಕನ್ನಡಿಗೆ ಬೆಳ್ಳಿ ಗಾಜಿನ ಹಿಂದಿರುತ್ತದೆ. ಇದಕ್ಕೆ ಮುಂದೆ, ಬತ್ತಲೆ. ಬೆರಳು ತಾಗಿಸಬಾರದೆಂದು ಮೂರು ಸಲ ಹೇಳಿಯೇ ಒಪ್ಪಿಸಿದ. ಕನ್ನಡಿಯಿಂದ ಗೋಡೆಯ ಮೇಲೆ ಬಿದ್ದ ಲೇಸರಿನ ಕೆಂಪು ಬೆಳಕು ದುಂಡಗಿತ್ತು, ನಡುವೆ ಪ್ರಖರವಾಗಿ ಅಂಚಿಗೆ ಹೋಗುತ್ತ ಮೆಲ್ಲಗೆ ಮಾಸುತ್ತಿತ್ತು. ಶೆಟ್ಟರು ಕೈ ಕುಲುಕಿದರು.

ಆಮೇಲೆ ಆಯುಧಪೂಜೆ ಬಂತು. ಲ್ಯಾಬಿನ ಒಂದೊಂದು ಯಂತ್ರಕ್ಕೂ ಶೆಟ್ಟರೇ ಸ್ವತಃ ಗಂಧ ಹಚ್ಚಿದರು.

ಮರುವಾರ ಹೊರಗಿನ ವಿಜ್ಞಾನಿಗಳು ನೋಡಲು ಬಂದಾಗ ಗೋಡೆಯ ಮೇಲಿನ ಬೆಳಕು ಚೂರುಚೂರಾಗಿತ್ತು, ಸುತ್ತ ಮೀಸೆಯಂಥ ಗೆರೆಗಳು ಮೂಡಿದ್ದವು. ಶೆಟ್ಟರು ಮುದ್ದುವನ್ನು ಕರೆಸಿದರು. ಅವತ್ತು ತುಳು ಬಿಟ್ಟು ಕನ್ನಡ.

“ಎಂತ ಗಾಜು ಕೊಟ್ಟದ್ದು ನೀನು? ಸೊಟ್ಟ ಉಂಟು.”

ಮುದ್ದು ಬಗ್ಗಿ ಕನ್ನಡಿಯ ಮೇಲೆ ಬಾಯಿಯಿಂದ ಆವಿ ಊದಿದ. ನಡುಮಧ್ಯೆ ಬೆರಳಿನ ಗುರುತು, ಅದರ ಸುತ್ತ ಕರವಸ್ತ್ರದಿಂದ ತಿಕ್ಕಿದ ಗೀರುಗಳು ಎದ್ದು ಕಂಡವು. ಅಂಚಿನಲ್ಲಿ ಹಳದಿ ಗಂಧ ಒಣಗಿತ್ತು.

“ಗಾಜು ಸೊಟ್ಟ ಇಲ್ಲ ಸಾರ್. ಗಂಧ ಹಚ್ಚಿ ಒರೆಸಿದ್ದಾರೆ. ಯಾರು ಅಂತ ನಿಮಗೆ ಗೊತ್ತುಂಟು.”

ಬಂದವರಲ್ಲೊಬ್ಬರು ನಕ್ಕರು. ಶೆಟ್ಟರ ಮುಖ ಕೆಂಪಾಯಿತು. ಎರಡು ದಿನ ಕೊಟ್ಟರೆ ಹೊಸ ಬೆಳ್ಳಿ ಹಿಡಿಸಿ ತೋರಿಸುತ್ತೇನೆಂದ ಮುದ್ದು. ಏಳನೇ ಕ್ಲಾಸಿನವನಿಂದ ಪಾಠ ಕಲಿಯುವ ಗತಿ ತನಗೆ ಬಂದಿಲ್ಲವೆಂದು ಶೆಟ್ಟರು ಬಾಗಿಲು ತೋರಿಸಿದರು. ಕನ್ನಡಿ ಉಜ್ಜಿದವನದೇ ತಪ್ಪೆಂದು ವರದಿ ಬರೆದು, ಕೆಲಸದ ಮಾತಿಗೆ ಎಳ್ಳುನೀರು ಬಿಟ್ಟರು. ಎಂಥ ದೊಡ್ಡ ಮನುಷ್ಯ! ಆಕಾಶದ ನಡುಕ ಹಿಡಿಯಲು ಹೊರಟವರಿಗೆ ತಮ್ಮ ಬೆರಳು ಕಾಣಲಿಲ್ಲ.

ಊರಿನಲ್ಲಿ ಅವನಿಗೆ ಸೊಟ್ಟ ಗಾಜಿನ ಮುದ್ದು ಎಂಬ ಹೆಸರು ಅಂಟಿತು. ಗಿರಾಕಿಗಳು ಕನ್ನಡಕವನ್ನು ಎರಡೆರಡು ಸಲ ಹಾಕಿ ನೋಡತೊಡಗಿದರು. ಅವನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಲೇ ಹೋದ.

೧೯೮೯ರಲ್ಲಿ ಶೆಟ್ಟರ ಕಣ್ಣು ಕೆಟ್ಟಿತು. ಅವರಿಗೆ ಬೇಕಾದಂಥ ದಪ್ಪ ಗಾಜನ್ನು ಉಜ್ಜಬಲ್ಲವನು ಊರಲ್ಲಿ ಒಬ್ಬನೇ. ತಡವುತ್ತ ಹಿಂದಿನ ಕೋಣೆಗೇ ಬಂದು, ಹೆಗಲ ಮೇಲೆ ಕೈಯಿಟ್ಟು, ತುಳುವಿನಲ್ಲಿ ಯೋಗಕ್ಷೇಮ ಕೇಳಿದರು.

ಮುದ್ದು ಆ ಕೈಯನ್ನು ತೆಗೆದು ಕೆಳಗಿಟ್ಟ. ಕನ್ನಡದಲ್ಲಿ ಹೇಳಿದ:

“ಇಲ್ಲಿ ಸೊಟ್ಟ ಗಾಜು ಮಾತ್ರ ಉಂಟು ಸಾರ್. ಬೇರೆ ಕಡೆ ನೋಡಿ.”